ರಿಪೇರಿಗೆ ಕೊಟ್ಟ ವಸ್ತು ಈಗಲೂ ನಿಮ್ಮದೇ: ಕೊಡುವಾಗ, ಪಡೆಯುವಾಗ ಏನು ಮಾಡಬೇಕು?

ಲಾಂಡ್ರಿಗೆ ಹಾಕಿದ ರೇಷ್ಮೆ ಸೀರೆ, ಸರ್ವಿಸ್‌ಗೆ ಬಿಟ್ಟ ಸ್ಕೂಟರ್, ಸಡಿಲವಾಯಿತೆಂದು ಅಕ್ಕಸಾಲಿಗರಿಗೆ ಒಪ್ಪಿಸಿದ ಬಳೆ. ಇವು ಕೆಲವು ದಿನ ಬೇರೆಯವರ ವಶದಲ್ಲಿರುತ್ತವೆ, ಮಾಲೀಕತ್ವ ಮಾತ್ರ ನಿಮ್ಮದೇ. ಇದಕ್ಕೆ ಕಾನೂನಿನಲ್ಲಿ ಬೇಲ್‌ಮೆಂಟ್ ಎನ್ನುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 148ನೇ ಸೆಕ್ಷನ್‌ನಿಂದ 181ರವರೆಗಿನ ಅಧ್ಯಾಯ ಪೂರ್ತಿ ಇದರದ್ದೇ. ಬಾಯಿಮಾತಿನ ಒಪ್ಪಂದವೂ ನಡೆಯುತ್ತದೆ. ಆದರೆ ಮುಂದೆ ತಕರಾರು ಎದ್ದರೆ ಯಾರ ಕಡೆ ಬಲವಿರುತ್ತದೆ ಎಂಬುದು ಬಹುಪಾಲು ವಸ್ತು ಕೈ ಬದಲಾಯಿಸುವ ಹೊತ್ತಿನಲ್ಲೇ ತೀರ್ಮಾನವಾಗಿಬಿಡುತ್ತದೆ.

ಮೊದಲು ಚೀಟಿ

‘ಒಂದು ಸೀರೆ’ ಎಂದಷ್ಟೇ ಬರೆದ ಚೀಟಿ ಸಾಲದು. ಬಣ್ಣ, ಜರಿ, ಈಗಾಗಲೇ ಇರುವ ಕಲೆ, ಅಂದಾಜು ಬೆಲೆ, ಹಿಂದಿರುಗಿಸುವ ದಿನ ಎಲ್ಲವನ್ನೂ ಬರೆಸಿಕೊಳ್ಳಿ. ಒಡವೆಯಾದರೆ ತಕ್ಕಡಿಯ ಮೇಲಿಟ್ಟು ಅಂಕಿ ಕಾಣುವಂತೆ ಫೋಟೊ ತೆಗೆಯಿರಿ. ಹರಳಿದ್ದರೆ ಅದರ ಲೆಕ್ಕ ಬೇರೆ ಇರಲಿ. ಹಾಲ್‌ಮಾರ್ಕ್ ಜೊತೆಗೆ ಆರು ಅಕ್ಷರ-ಅಂಕಿಗಳ ಗುರುತು ಇದ್ದರೆ ಅದನ್ನೂ ಚೀಟಿಯಲ್ಲಿ ನಮೂದಿಸಿ. ಪರಿಚಯದ ಅಂಗಡಿಯವರ ಬಳಿ ಇಷ್ಟೆಲ್ಲ ಕೇಳಲು ಸಂಕೋಚವಾಗುವುದು ಸಹಜ. ದಯವಿಟ್ಟು ಆ ಸಂಕೋಚ ಬಿಡಿ. ತೂಕ ಬರೆದಿಟ್ಟರೆ ಪ್ರಾಮಾಣಿಕ ಅಕ್ಕಸಾಲಿಗರಿಗೂ ಅದೇ ರಕ್ಷಣೆ.

ನಿಮ್ಮ ಕಡೆಯಿಂದಲೂ ಒಂದು ಕರ್ತವ್ಯವಿದೆ. ಸ್ಕೂಟರಿನ ಬ್ರೇಕ್ ಹಿಡಿಯುವುದಿಲ್ಲ ಎಂದು ಗೊತ್ತಿದ್ದೂ ಹೇಳದೆ ಬಿಟ್ಟು ಬಂದು, ಮೆಕ್ಯಾನಿಕ್‌ಗೆ ಪೆಟ್ಟಾದರೆ ಹೊಣೆ ನಿಮ್ಮ ಮೇಲೆ ಬರುತ್ತದೆ. 150ನೇ ಸೆಕ್ಷನ್ ಅದನ್ನೇ ಹೇಳುತ್ತದೆ.

ವಶ ಪೂರ್ತಿಯಾಗಿ ಒಪ್ಪಿಸಿ

1938ರಲ್ಲಿ ವರದಿಯಾದ ಮದ್ರಾಸ್ ಹೈಕೋರ್ಟ್‌ನ ಪ್ರಕರಣವೊಂದು ಇಂದಿಗೂ ಕಾನೂನು ತರಗತಿಗಳಲ್ಲಿ ಪಾಠ. ಮಹಿಳೆಯೊಬ್ಬರು ಹಳೆಯ ಒಡವೆ ಕರಗಿಸಿ ಹೊಸದು ಮಾಡಿಕೊಡಲು ಅಕ್ಕಸಾಲಿಗರಿಗೆ ಕೊಟ್ಟಿದ್ದರು. ಪ್ರತಿ ಸಂಜೆ ಬಂದು, ಅರ್ಧ ತಯಾರಾದ ಒಡವೆಯನ್ನು ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿ, ಬೀಗದ ಕೈಯನ್ನು ತಾವೇ ಒಯ್ಯುತ್ತಿದ್ದರು. ಪೆಟ್ಟಿಗೆ ಮಾತ್ರ ಅಕ್ಕಸಾಲಿಗರ ಕೋಣೆಯಲ್ಲೇ ಇರುತ್ತಿತ್ತು. ಒಂದು ರಾತ್ರಿ ಒಡವೆ ಕಳವಾಯಿತು. ಪರಿಹಾರ ಸಿಗಲಿಲ್ಲ. ಬೀಗದ ಕೈ ತಮ್ಮಲ್ಲೇ ಇಟ್ಟುಕೊಂಡ ಮೇಲೆ, ಪ್ರತಿ ಸಂಜೆ ವಶವನ್ನು ಅವರೇ ಹಿಂದಕ್ಕೆ ಪಡೆದಂತಾಯಿತು ಎಂದಿತು ನ್ಯಾಯಾಲಯ. ಆಕೆ ವಹಿಸಿದ ಎಚ್ಚರವೇ ಆಕೆಗೆ ಮುಳುವಾಯಿತು ಎಂಬುದನ್ನು ನೆನೆದರೆ ಬೇಸರವಾಗುತ್ತದೆ. ಆದರೆ ತತ್ವ ಸ್ಪಷ್ಟ: ವಶ ಯಾರದೋ, ಕಾಪಾಡುವ ಹೊಣೆ ಅವರದು.

ಕಾರಿಗೂ ಇದೇ ಮಾತು. ಹೋಟೆಲಿನ ಸಿಬ್ಬಂದಿಗೆ ಕೀ ಕೊಟ್ಟು ಚೀಟಿ ಪಡೆಯುವುದು ಬೇರೆ, ನೀವೇ ನಿಲ್ಲಿಸಿ ಕೀ ಜೇಬಿಗೆ ಹಾಕಿಕೊಳ್ಳುವುದು ಬೇರೆ. ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ 1998ರಲ್ಲಿ ಸಿಬ್ಬಂದಿಯ ಕೈಗೆ ಒಪ್ಪಿಸಿದ್ದ ಕಾರು ಕಳವಾದ ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಯಿತು. ‘ವಾಹನ ಮಾಲೀಕರ ಜವಾಬ್ದಾರಿ’ ಎಂದು ಚೀಟಿಯಲ್ಲಿ ಅಚ್ಚು ಹಾಕಿಸಿದ ಮಾತ್ರಕ್ಕೆ ತನ್ನ ಸಿಬ್ಬಂದಿಯ ನಿರ್ಲಕ್ಷ್ಯದ ಹೊಣೆಯಿಂದ ಹೋಟೆಲ್ ನುಣುಚಿಕೊಳ್ಳಲಾಗದು ಎಂದು 2019ರ ನವೆಂಬರ್‌ನಲ್ಲಿ ತೀರ್ಪು ಬಂತು.

ಲಾಂಡ್ರಿ ಚೀಟಿಯ ಸಣ್ಣ ಅಕ್ಷರಗಳಿಗೂ ಹೆದರಬೇಕಿಲ್ಲ. ಸೀರೆ ಕಳೆದರೆ ಮಾರುಕಟ್ಟೆ ಬೆಲೆಯ ಅರ್ಧ ಮಾತ್ರ ಕೊಡುತ್ತೇವೆ ಎಂಬ ಷರತ್ತನ್ನು ಮದ್ರಾಸ್ ಹೈಕೋರ್ಟ್ 1960ರ ದಶಕದಲ್ಲೇ ತಳ್ಳಿಹಾಕಿದೆ.

ಹಾಳಾದರೆ, ಕೊಡದಿದ್ದರೆ

ವಿವೇಕವುಳ್ಳ ಸಾಮಾನ್ಯ ಮನುಷ್ಯ ತನ್ನ ಅಂಥದೇ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ, ಅಷ್ಟು ಜೋಪಾನ ಮಾಡಬೇಕು ಎನ್ನುತ್ತದೆ 151ನೇ ಸೆಕ್ಷನ್. ಬಿಟ್ಟಿಯಾಗಿ ಇಟ್ಟುಕೊಂಡ ಪಕ್ಕದ ಮನೆಯವರಿಗೂ ಅಳತೆ ಇದೇ. ಅಷ್ಟು ಎಚ್ಚರ ವಹಿಸಿಯೂ ಹಾಳಾದರೆ, ಬೇರೆ ಕರಾರಿಲ್ಲದಿದ್ದಲ್ಲಿ, ಅವರು ಹೊಣೆಗಾರರಲ್ಲ. ಆದ್ದರಿಂದ ಮೊದಲು ಕೇಳಬೇಕಾದ್ದು ‘ಹೇಗಾಯಿತು?’ ಎಂದು. ತಾನು ಎಚ್ಚರ ವಹಿಸಿದ್ದೆ ಎಂದು ತೋರಿಸಬೇಕಾದವರು ವಸ್ತು ಇಟ್ಟುಕೊಂಡವರು.

ಎರಡು ಸಂದರ್ಭಗಳಲ್ಲಿ ಈ ರಿಯಾಯಿತಿ ಇಲ್ಲ. ಸರ್ವಿಸ್‌ಗೆ ಬಿಟ್ಟ ಸ್ಕೂಟರನ್ನು ಯಾರೋ ಸ್ವಂತ ಕೆಲಸಕ್ಕೆ ಓಡಿಸಿದರೆ, ಎಷ್ಟೇ ಹುಷಾರಾಗಿ ಓಡಿಸಿದ್ದರೂ ನಷ್ಟ ತುಂಬಿಕೊಡಬೇಕು. ಅವರ ತಪ್ಪಿನಿಂದ ವಸ್ತು ಗೊತ್ತಾದ ಸಮಯಕ್ಕೆ ಮರಳದಿದ್ದರೆ, ಆ ಹೊತ್ತಿನಿಂದ ಏನಾದರೂ ಅವರೇ ಹೊಣೆ.

ಮಜೂರಿ ಬಾಕಿ ಇಟ್ಟು ‘ವಸ್ತು ಕೊಡಿ’ ಎಂದರೆ ಆಗದು. ಅದರ ಮೇಲೆ ಶ್ರಮ, ಕುಶಲತೆ ವ್ಯಯಿಸಿ ಕೆಲಸ ಮುಗಿಸಿದವರು ಕೂಲಿ ಸಿಗುವವರೆಗೆ ಅದನ್ನು ತಡೆಹಿಡಿಯಬಹುದು. ಕೂಲಿಯನ್ನು ಆಮೇಲೆ ಕೊಟ್ಟರೂ ಸಾಕು ಎಂದು ಅವರು ಮೊದಲೇ ಒಪ್ಪಿದ್ದರೆ ಆ ಹಕ್ಕಿಲ್ಲ. ಕಳೆದ ವರ್ಷದ ಬೇರೆ ಬಾಕಿ ತೋರಿಸಿ ಈ ಸಲದ ವಸ್ತುವನ್ನು ಹಿಡಿದಿಡಲೂ ಬರುವುದಿಲ್ಲ.

ಕೂಲಿ ಕೊಟ್ಟ ಮೇಲೂ ವಸ್ತು ಬಾರದಿದ್ದರೆ, ಚೀಟಿಯ ಪ್ರತಿ ಲಗತ್ತಿಸಿ, ದಿನ ಗೊತ್ತುಮಾಡಿ ಲಿಖಿತ ಬೇಡಿಕೆ ಕಳುಹಿಸಿ. ತಲುಪಿದ್ದಕ್ಕೆ ದಾಖಲೆ ಇರಲಿ. ಹಣ ಕೊಟ್ಟು ಪಡೆದ ಸೇವೆಯಾದರೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗಕ್ಕೇ ದೂರು ಕೊಡಬಹುದು. ಗಡುವು 2 ವರ್ಷ. ಸೇವೆಗೆ ತೆತ್ತ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಸ್ತುವನ್ನೇ ವಾಪಸ್ ಪಡೆಯಲು ಸಿವಿಲ್ ದಾವೆ ಹೂಡುವುದಾದರೆ 3 ವರ್ಷಗಳ ಅವಕಾಶವಿದೆ. ಲೆಕ್ಕ ಶುರುವಾಗುವುದು ನೀವು ಕೇಳಿದ ಮೇಲೆ ಅವರು ನಿರಾಕರಿಸಿದ ದಿನದಿಂದ. ಒಡವೆಯನ್ನು ಮಾರಿಕೊಂಡಂಥ ಅಪ್ರಾಮಾಣಿಕತೆ ಕಂಡುಬಂದರೆ ಭಾರತೀಯ ನ್ಯಾಯ ಸಂಹಿತೆಯ 316ನೇ ಸೆಕ್ಷನ್ ಅಡಿ ಪೊಲೀಸರಿಗೂ ದೂರು ನೀಡಬಹುದು.