ಇರ್ಲಿ ಬಿಡ್ರಿ: ಗ್ಯಾದರಿಂಗಿಗೆ ನಗೆನಾಟಕ ಬರೆಯೋದು ಹೀಗೆ

ಕಾಲೇಜು ಗ್ಯಾದರಿಂಗ್ ಹತ್ತಿರ ಬಂದರೆ ಸಾಕು, ಕಲಬುರಗಿಯ ಹುಡುಗರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. 'ಸರ, ಹತ್ತು ನಿಮಿಷದ ಕಾಮಿಡಿ ಬೇಕ್ರಿ.' ನಾನು ಕೊಡುವ ಜೋಡಿ ಒಂದೇ. ಯಾರಿಗೂ ಎದುರಾಡದ ಒಬ್ಬ ಸಾಧು ಮನುಷ್ಯ, ಅವನನ್ನು ಸರಿಮಾಡಲು ಹೊರಟ ಒಬ್ಬ ವಿಚಿತ್ರ ಥೆರಪಿಸ್ಟ್.

ಸಾಧು ಮನುಷ್ಯನಿಗೆ ಒಂದೇ ಮಾತು ಕೊಡಿ: 'ಇರ್ಲಿ ಬಿಡ್ರಿ.' ಮೈಮೇಲೆ ಚಹಾ ಚೆಲ್ಲಿದರೂ ಅದೇ, ಅಂಗಡಿಯವನು ಚಿಲ್ಲರೆ ಬದಲು ಚಾಕಲೇಟ್ ಕೊಟ್ಟರೂ ಅದೇ. ಆದರೆ ಅವನನ್ನು ದಡ್ಡ ಮಾಡಬೇಡಿ. ಎಲ್ಲಾ ತಿಳಿಯುತ್ತೆ, ಬಾಯಿಗೆ ಬರಲ್ಲ ಅಷ್ಟೆ.

ಹುಡುಗರು ಎಡವೋದು ಥೆರಪಿಸ್ಟ್ ಹತ್ತಿರ. ಕೆದರಿದ ಕೂದಲು, ಕೈಯಲ್ಲಿ ದೊಡ್ಡ ಇಂಜೆಕ್ಷನ್. ಅದೆಲ್ಲ ಬೇಡ. ಔಷಧಿ ಬರೆಯೋದು ಮನೋವೈದ್ಯರ ಕೆಲಸ, ಥೆರಪಿಸ್ಟಿಗೆ ಮಾತೇ ಮದ್ದು. ಇವನು ಇಸ್ತ್ರಿ ಅಂಗಿ ಹಾಕಿ ಗಂಭೀರವಾಗಿ ಕೂತಿರಲಿ. ತಿಕ್ಕಲುತನ ಇರಬೇಕಾದದ್ದು ಅವನ ವಿಧಾನದಲ್ಲಿ.

ವಿಧಾನವನ್ನು ನಿಜವಾದ ಚಿಕಿತ್ಸೆಯಿಂದಲೇ ಕದಿಯಿರಿ. ದಕ್ಷಿಣ ಆಫ್ರಿಕಾದ ಮನೋವೈದ್ಯ ಜೋಸೆಫ್ ವೋಲ್ಪಿ 1950ರ ದಶಕದಲ್ಲಿ ಭಯ ಬಿಡಿಸಲು ಒಂದು ದಾರಿ ಹೇಳಿದ: ಮೊದಲು ಸಣ್ಣ ಭಯ, ಆಮೇಲೆ ಅದಕ್ಕಿಂತ ದೊಡ್ಡದು, ಮೆಟ್ಟಿಲು ಹತ್ತಿದ ಹಾಗೆ. ನಮ್ಮವನು ಮೇಲಿನ ಮೆಟ್ಟಿಲಿಂದಲೇ ಶುರು ಮಾಡಲಿ. ಮೊದಲ ದಿನವೇ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ, ಬೀದರ್ ಬಸ್ಸಿನಲ್ಲಿ ಯಾರೋ ಟವೆಲ್ ಹಾಕಿದ ಸೀಟಿನಲ್ಲೇ ಕೂರಿ ಅನ್ನಲಿ. ಸಾಧು ಟವೆಲ್ ಮಡಚಿ ತೊಡೆ ಮೇಲಿಟ್ಟುಕೊಂಡು ಕೂರುತ್ತಾನೆ. ಟವೆಲಿನವನು ಬಂದ ಕೂಡಲೇ ಏಳುತ್ತಾನೆ. ಅವನ ಕೂಸನ್ನೂ ಎತ್ತಿಕೊಂಡು ಹುಮನಾಬಾದ್ ತನಕ ನಿಂತೇ ಹೋಗುತ್ತಾನೆ.

ಎರಡನೇ ದೃಶ್ಯಕ್ಕೆ ಒಂದು ಪ್ಲಾಸ್ಟಿಕ್ ಕುರ್ಚಿ ಸಾಕು. ಖಾಲಿ ಕುರ್ಚಿಯಲ್ಲಿ ಎದುರಾಳಿ ಕೂತಿದ್ದಾನೆ ಅಂದುಕೊಂಡು ಮಾತಾಡಿಸುವ ಪದ್ಧತಿ ಇದೆ. ಅದಕ್ಕೆ ಹೆಸರು ತಂದವನು ಮನೋವೈದ್ಯ ಫ್ರಿಟ್ಜ್ ಪರ್ಲ್ಸ್. 'ಇವ್ರೇ ನಿಮ್ಮ ಸಾಹೇಬ್ರು. ಬೈರಿ!' ಅನ್ನುತ್ತಾನೆ ಥೆರಪಿಸ್ಟ್. ಸಾಧು ಕರವಸ್ತ್ರ ತೆಗೆದು ಕುರ್ಚಿಯ ಧೂಳು ಒರೆಸುತ್ತಾನೆ. ಫ್ಯಾನನ್ನು ಅದರ ಕಡೆ ತಿರುಗಿಸುತ್ತಾನೆ, ನಮ್ಮೂರ ಬಿಸಿಲು ಗೊತ್ತಲ್ವಾ! ಆಮೇಲೆ ಮೆಲ್ಲಗೆ, 'ಊಟ ಆತೇನ್ರಿ ಸರ?' ಇಲ್ಲಿ ಸುಮ್ನೆ ನಿಲ್ಲಿಸಿ. ಹಿನ್ನೆಲೆ ಸಂಗೀತ ತುರುಕಬೇಡಿ, ನಗು ತಾನಾಗಿ ಬರುತ್ತೆ. ಕೊನೆಗೆ ಥೆರಪಿಸ್ಟೇ ತಾಳ್ಮೆಗೆಟ್ಟು ಕುರ್ಚಿಗೆ ಬೈಯತೊಡಗಲಿ. ಸಾಧು ಅವನ ಬೆನ್ನು ಸವರಿ, 'ಇರ್ಲಿ ಬಿಡ್ರಿ ಸರ' ಅನ್ನಲಿ.

ಮುಗಿಸುವಾಗ ಸಾಧುವನ್ನು ಹೀರೋ ಮಾಡಿ ಕಿರುಚಿಸಬೇಡಿ, ಅದು ಸುಳ್ಳು ಅನ್ನಿಸುತ್ತೆ. ಥೆರಪಿಸ್ಟ್ ಬಿಲ್ ಚಾಚುತ್ತಾನೆ. ಇವನು ಓದುತ್ತಾನೆ. ಇನ್ನೊಮ್ಮೆ ಓದುತ್ತಾನೆ. 'ಫೀಸ್ ಭಾಳ ಆತ್ರಿ. ನಾ ಕೊಡಂಗಿಲ್ಲ.' ಥೆರಪಿಸ್ಟ್ ಖುಷಿಯಿಂದ ಕುಣಿಯಬೇಕೋ, ದುಡ್ಡಿಗೆ ಅಳಬೇಕೋ ತಿಳಿಯದೆ ನಿಂತಿರುವಾಗಲೇ ಪರದೆ ಎಳೆಯಿರಿ. ಆ ಫೀಸಿನ ಮಾತಿಗೆ ಮುಂಚೆ ಸಾಧುವನ್ನು ಮೈಕಿನ ಹತ್ತಿರ ತಂದು ನಿಲ್ಲಿಸಿರಿ. ಮೆತ್ತಗೆ ಅಂದದ್ದು ಹಿಂದಿನ ಸಾಲಿಗೂ ಕೇಳಬೇಕು.