ಕ್ಲಿನಿಕಲ್ ಟ್ರಯಲ್‌ಗೆ ಸೇರುತ್ತೀರಾ ಎಂದು ವೈದ್ಯರು ಕೇಳಿದಾಗ

ಹೊಸ ಚಿಕಿತ್ಸೆಯನ್ನು ರೋಗಿಗಳಲ್ಲಿ ಪರೀಕ್ಷಿಸಿ ನೋಡುವ ಕ್ಲಿನಿಕಲ್ ಟ್ರಯಲ್‌ಗೆ ಸೇರುತ್ತೀರಾ ಎಂಬ ಪ್ರಶ್ನೆ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರ ಮುಂದೆ ಬಂದಾಗ ಆಸೆಯೂ ಅಂಜಿಕೆಯೂ ಒಟ್ಟಿಗೇ ಏಳುತ್ತವೆ. ಬೇರೆ ದಾರಿ ಉಳಿದಿಲ್ಲವೆಂದು ಒಪ್ಪುವವರಿದ್ದಾರೆ, ಮುಂದೆ ಇದೇ ಕಾಯಿಲೆ ಬರುವವರಿಗಾದರೂ ನೆರವಾಗಲಿ ಎಂದು ಒಪ್ಪುವವರಿದ್ದಾರೆ, ನಂಬಿದ ವೈದ್ಯರ ಮಾತನ್ನು ತಳ್ಳಿಹಾಕಲಾರದೆ ತಲೆಯಾಡಿಸುವವರೂ ಇದ್ದಾರೆ. ತಮ್ಮನ್ನು ಪ್ರಯೋಗಪಶು ಮಾಡುತ್ತಾರೆಂದು ಹಿಂಜರಿಯುವವರೂ ಕಡಿಮೆಯಿಲ್ಲ. ಇವುಗಳಲ್ಲಿ ಯಾವ ಭಾವನೆಯೂ ತಪ್ಪಲ್ಲ. ಆದರೆ ಟ್ರಯಲ್ ಎಂಬುದು ಮೊದಲಿಗೆ ಉತ್ತರ ಸಿಗದ ಒಂದು ಪ್ರಶ್ನೆ, ಆಮೇಲೆ ಚಿಕಿತ್ಸೆ. ಇದನ್ನು ಅರಿತು ಕೊಟ್ಟ ಒಪ್ಪಿಗೆಯೇ ನಿಜವಾದ ಒಪ್ಪಿಗೆ.

ಮೊದಲು ಟ್ರಯಲ್ ಯಾವ ಹಂತದಲ್ಲಿದೆ ಎಂದು ಕೇಳಿಕೊಳ್ಳಬೇಕು. ಒಂದನೆಯ ಹಂತದಲ್ಲಿ ಕೇವಲ ಹತ್ತಾರು ಜನರಲ್ಲಿ ಔಷಧಿಯ ಸುರಕ್ಷಿತ ಪ್ರಮಾಣವನ್ನು ಹುಡುಕುತ್ತಾರೆ. ಎರಡನೆಯದರಲ್ಲಿ ಗೆಡ್ಡೆ ಕುಗ್ಗುತ್ತದೆಯೇ ಎಂದು ನೋಡುತ್ತಾರೆ. ಮೂರನೆಯದರಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಜನರಲ್ಲಿ ಈಗಿನ ಚಿಕಿತ್ಸೆಯೊಡನೆ ಹೋಲಿಸುತ್ತಾರೆ. ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಬಂದ ಇಮಾಟಿನಿಬ್ ಎಂಬ ಔಷಧಿ 1998ರಲ್ಲಿ ಆರಂಭವಾದ ಒಂದನೆಯ ಹಂತದಲ್ಲಿಯೇ ಬಹುತೇಕ ರೋಗಿಗಳಿಗೆ ಫಲ ಕೊಟ್ಟಿತು. ಅದು ಅಪರೂಪದ ಸಂಗತಿ, ಆ ಹಂತಕ್ಕೆ ಸೇರುವವರು ಅದನ್ನೇ ನೆಚ್ಚಿಕೊಳ್ಳಬಾರದು.

ಮೂರನೆಯ ಹಂತದಲ್ಲಿ ರೋಗಿಗಳನ್ನು ಹೆಚ್ಚಾಗಿ ತಡೆಯುವುದು ಚೀಟಿ ಎತ್ತಿದಂತೆ ಗುಂಪು ನಿರ್ಧಾರವಾಗುವ ಕ್ರಮ. ನನ್ನ ಚಿಕಿತ್ಸೆಯನ್ನು ಕಂಪ್ಯೂಟರ್ ಆರಿಸುವುದೇ ಎಂಬ ನೋವು ಸಹಜವಾದದ್ದು. ಎರಡರಲ್ಲಿ ಯಾವುದು ಮೇಲೆಂದು ವೈದ್ಯಲೋಕಕ್ಕೆ ನಿಜವಾಗಿಯೂ ತಿಳಿಯದಿದ್ದಾಗ ಮಾತ್ರ ಹೀಗೆ ಹಂಚುವುದು ನ್ಯಾಯ. ಸ್ತನ ಕ್ಯಾನ್ಸರಿಗೆ ಇಡೀ ಸ್ತನವನ್ನು ತೆಗೆಯುವುದೇ ರೂಢಿಯಾಗಿದ್ದ ಕಾಲದಲ್ಲಿ, 1976ರಲ್ಲಿ ಅಮೆರಿಕದ ಶಸ್ತ್ರವೈದ್ಯ ಬರ್ನಾರ್ಡ್ ಫಿಷರ್ ನೇತೃತ್ವದಲ್ಲಿ ಆರಂಭವಾದ ಟ್ರಯಲ್‌ಗೆ ಜನ ಸೇರುವುದು ಬಹಳ ನಿಧಾನವಾಗಿತ್ತು. ಕೊನೆಗೆ 1,800ಕ್ಕೂ ಹೆಚ್ಚು ಮಹಿಳೆಯರು ಸೇರಿದ್ದರಿಂದಲೇ, ಗೆಡ್ಡೆಯನ್ನಷ್ಟೇ ತೆಗೆಸಿಕೊಂಡು ವಿಕಿರಣ ಚಿಕಿತ್ಸೆ ಪಡೆದವರೂ ಇಡೀ ಸ್ತನ ತೆಗೆಸಿಕೊಂಡವರಷ್ಟೇ ಕಾಲ ಬದುಕುತ್ತಾರೆಂಬುದು ಸಾಬೀತಾಯಿತು. 20 ವರ್ಷಗಳ ನಂತರವೂ ಆ ಫಲಿತಾಂಶ ಬದಲಾಗಲಿಲ್ಲ. ಔಷಧಿಯಿಲ್ಲದ ಸಕ್ಕರೆ ಗುಳಿಗೆ, ಅಂದರೆ ಪ್ಲಸೀಬೊ, ಕೊಟ್ಟುಬಿಡುತ್ತಾರೆಂಬ ಭಯಕ್ಕೂ ಇಲ್ಲಿಯೇ ಉತ್ತರ ಕೇಳಬೇಕು: ಫಲ ಕೊಡುವ ಚಿಕಿತ್ಸೆ ಈಗಾಗಲೇ ಇರುವ ಕಾಯಿಲೆಯಲ್ಲಿ ಬರೀ ಪ್ಲಸೀಬೊ ಕೊಡುವುದು ವಿರಳ, ಅದನ್ನು ಬಳಸಿದಾಗಲೂ ಸಾಮಾನ್ಯವಾಗಿ ಎರಡೂ ಗುಂಪಿಗೆ ಆ ಚಿಕಿತ್ಸೆ ಇದ್ದು, ಒಂದಕ್ಕೆ ಹೊಸ ಔಷಧಿ ಸೇರುತ್ತದೆ.

ಒಪ್ಪಿಗೆ ಪತ್ರಕ್ಕೆ ಅಲ್ಲಿಯೇ ಸಹಿ ಹಾಕಬೇಕಿಲ್ಲ. ಮನೆಗೆ ಒಯ್ದು, ನಂಬುವವರ ಜೊತೆ ಕುಳಿತು ಓದಿ, ಅರ್ಥವಾಗದ ಸಾಲಿನ ಕೆಳಗೆ ಗೆರೆ ಹಾಕಿ. ಎಷ್ಟು ಹೆಚ್ಚುವರಿ ರಕ್ತಪರೀಕ್ಷೆ ಮತ್ತು ಸ್ಕ್ಯಾನ್, ಎಷ್ಟು ಸಲದ ಓಡಾಟ, ಖರ್ಚು ಯಾರದು, ಅಡ್ಡ ಪರಿಣಾಮದಿಂದ ಹಾನಿಯಾದರೆ ಚಿಕಿತ್ಸೆಯ ಹೊಣೆ ಯಾರದು, ರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಸ್ಪಷ್ಟವಾಗಿರಲಿ. ಎಲ್ಲಕ್ಕಿಂತ ಮುಖ್ಯವೆಂದು ನನಗೆ ತೋರುವ ಪ್ರಶ್ನೆ ಒಂದೇ: ನಾನು ಸೇರದಿದ್ದರೆ ನನಗೆ ಸಿಗುವ ಚಿಕಿತ್ಸೆ ಯಾವುದು? ಇದಕ್ಕೆ ನೇರ ಉತ್ತರ ಸಿಗುವವರೆಗೆ ಪೆನ್ನು ಹಿಡಿಯಬೇಡಿ. ಬಳಿಕ ತಿಳಿದುಕೊಂಡದ್ದನ್ನು ನಿಮ್ಮದೇ ಮಾತಿನಲ್ಲಿ ವೈದ್ಯರಿಗೆ ಹೇಳಿನೋಡಿ. ನಿಮ್ಮೊಬ್ಬರಿಗೆ ಅನುಕೂಲವಾಗಲೆಂದೇ ಎಲ್ಲವೂ ನಡೆಯುತ್ತದೆಂದು ನೀವು ಭಾವಿಸಿದ್ದರೆ ಆಗ ಅದು ಗೊತ್ತಾಗುತ್ತದೆ.

ಸೇರಿದ ಮೇಲೂ ಯಾವಾಗ ಬೇಕಾದರೂ ಹೊರಬರುವ ಹಕ್ಕು ರೋಗಿಗಿದೆ, ಅದರಿಂದ ಮುಂದಿನ ಚಿಕಿತ್ಸೆಗೆ ತೊಂದರೆಯಾಗಬಾರದು. ವೈದ್ಯರ ಜಾಗತಿಕ ಸಂಘ 1964ರಲ್ಲಿ ಅಂಗೀಕರಿಸಿ, ಆಮೇಲೆ ಹಲವು ಸಲ ಪರಿಷ್ಕರಿಸಿರುವ, ವೈದ್ಯಕೀಯ ಸಂಶೋಧನೆಯ ನೀತಿಸಂಹಿತೆಯಾದ ಹೆಲ್ಸಿಂಕಿ ಘೋಷಣೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಆದರೆ ಕೆಲವು ಔಷಧಿಗಳನ್ನು ಥಟ್ಟನೆ ನಿಲ್ಲಿಸುವುದು ಅಪಾಯ, ಆದ್ದರಿಂದ ಹೇಳದೆ ಬಿಡಬೇಡಿ. ಟ್ರಯಲ್‌ನ ಅಂತಿಮ ಫಲಿತಾಂಶವನ್ನು ತಿಳಿಯುವ ಅವಕಾಶವೂ ನಿಮಗಿರಬೇಕೆಂದು ಅದೇ ಘೋಷಣೆ ಹೇಳುವುದರಿಂದ, ತಮಗೆ ಅದನ್ನು ತಿಳಿಸಬೇಕೆಂದು ಸಹಿ ಹಾಕುವ ದಿನವೇ ಬರೆಸಿಡಿ.