ಬಾಣಂತನಕ್ಕೆ ಅಮೆರಿಕಕ್ಕೆ: ಅರ್ಜಿ ತುಂಬುವವರು ಅಳಿಯ, ಉತ್ತರ ಹೇಳುವವರು ಅತ್ತೆ

ಮಗಳು ಗರ್ಭಿಣಿ ಎಂಬ ಸುದ್ದಿ ಬಂದ ಮೇಲೆ ಮನೆಯಲ್ಲಿ ಎರಡು ಕೆಲಸಗಳು ಶುರುವಾಗುತ್ತವೆ. ಇಲ್ಲಿ ಅಮ್ಮ ಅಂಟಿನುಂಡೆಗೆ ಕೊಬ್ಬರಿ ಆರಿಸತೊಡಗುತ್ತಾರೆ. ಅಲ್ಲಿ, ಡಲ್ಲಾಸಿನಲ್ಲೋ ಸ್ಯಾನ್ ಹೋಸೆಯಲ್ಲೋ, ಅಳಿಯ ಕಚೇರಿ ಮುಗಿಸಿ ಬಂದು ರಾತ್ರಿ ಲ್ಯಾಪ್‌ಟಾಪ್ ತೆರೆದು ಅತ್ತೆ ಮಾವನ ವೀಸಾ ಅರ್ಜಿ ತುಂಬುತ್ತಾನೆ. ಅನುಮಾನ ಬಂದರೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಪ್ರಶ್ನೆ, ಇಲ್ಲದಿದ್ದರೆ ತನಗೆ ತಿಳಿದ ಉತ್ತರ. ಕೆಲವು ತಿಂಗಳ ನಂತರ ವೀಸಾ ಸಂದರ್ಶನಕ್ಕೆಂದು ಚೆನ್ನೈಯ ಅಮೆರಿಕನ್ ಕಾನ್ಸುಲೇಟಿನಲ್ಲಿ ಗಾಜಿನ ಕಿಟಕಿಯ ಮುಂದೆ ನಿಲ್ಲುವವರು ಮಾತ್ರ ಅತ್ತೆ ಮಾವ. ಆ ಅರ್ಜಿಯಲ್ಲಿ ಏನು ಬರೆದಿದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ.

ನಮ್ಮ ಬಳಗದ ಕೆಲವು ಹಿರಿಯರ ಕಾಗದಪತ್ರ ನೋಡಿಕೊಟ್ಟವನಾಗಿ ಹೇಳುವುದಾದರೆ, ಜನ ಹೆದರುವುದು ಬ್ಯಾಂಕ್ ಪಾಸ್‌ಬುಕ್ಕಿನ ಮೊತ್ತಕ್ಕೆ; ಎಡವುವುದು ಇಲ್ಲಿ. ಪ್ರವಾಸಿಗರಿಗೂ ಬಂಧುಗಳನ್ನು ನೋಡಲು ಹೋಗುವವರಿಗೂ ಅಮೆರಿಕ ಕೊಡುವುದು ಬಿ-1/ಬಿ-2 ಎಂಬ ವೀಸಾ. ಅದರ ದಾರಿಯನ್ನು ಮೊದಲಿನಿಂದ ನೋಡೋಣ.

ಮೊದಲು ಪಾಸ್‌ಪೋರ್ಟ್, ಅದರಲ್ಲೂ ಹೆಸರು

ಕಪಾಟಿನಿಂದ ಪಾಸ್‌ಪೋರ್ಟ್ ತೆಗೆದು ಮೊದಲು ಅವಧಿ ನೋಡಿ. ಇನ್ನು ಒಂದು ವರ್ಷದೊಳಗೆ ಮುಗಿಯುವುದಾದರೆ ಈಗಲೇ ನವೀಕರಿಸಿ. ಅಮೆರಿಕದ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯು ಪಾಸ್‌ಪೋರ್ಟ್ ಮುಗಿಯುವ ದಿನದವರೆಗೆ ಮಾತ್ರ ತಂಗಲು ಅನುಮತಿ ಕೊಟ್ಟುಬಿಡಬಹುದು. ಹಿಂದೊಮ್ಮೆ ವೀಸಾ ಸಿಕ್ಕಿದ್ದು, ಅದು ಹಳೆಯ ಪಾಸ್‌ಪೋರ್ಟಿನಲ್ಲಿದ್ದರೆ ಚಿಂತಿಸಬೇಕಿಲ್ಲ. ಭಾರತೀಯರಿಗೆ ಈ ವೀಸಾವನ್ನು ಸಾಮಾನ್ಯವಾಗಿ 10 ವರ್ಷಕ್ಕೆ ಕೊಡುತ್ತಾರೆ. ಅದರ ಅವಧಿ ಉಳಿದಿದ್ದರೆ ಹಳೆಯದು, ಹೊಸದು ಎರಡೂ ಪಾಸ್‌ಪೋರ್ಟುಗಳನ್ನು ಜೊತೆಗಿಟ್ಟುಕೊಂಡು ಹೋಗಬಹುದು. ವೀಸಾ ಅಂಟಿಸಿದ ಪುಟವನ್ನು ಕಿತ್ತು ಬೇರೆ ಇಡುವ ಅತಿಬುದ್ಧಿವಂತಿಕೆ ಮಾತ್ರ ಬೇಡ.

ಇನ್ನು ಹೆಸರು. ಈ ಅರ್ಜಿಯನ್ನು ರೂಪಿಸಿದವರಿಗೆ ನಮ್ಮ ಕಡೆಯ ಹೆಸರುಗಳ ಪರಿಚಯ ಇದ್ದಂತಿಲ್ಲ. ನಮ್ಮಲ್ಲಿ ಊರಿನ ಒಂದಕ್ಷರ, ಅಪ್ಪನ ಒಂದಕ್ಷರ, ಆಮೇಲೆ ಹೆಸರು. ಮನೆತನದ ಹೆಸರು ಎಂಬುದೇ ಎಷ್ಟೋ ಮನೆಗಳಲ್ಲಿ ಇಲ್ಲ. ಹಳೆಯ ಪಾಸ್‌ಪೋರ್ಟುಗಳಲ್ಲಿ ‘ಸರ್‌ನೇಮ್’ ಎಂಬಲ್ಲಿ ಖಾಲಿ ಬಿಟ್ಟು, ‘ಗಿವನ್ ನೇಮ್’ ಎಂಬಲ್ಲಿ ಲಕ್ಷ್ಮಮ್ಮ ಎಂದಷ್ಟೇ ಇರುವುದು ಸಾಮಾನ್ಯ. ವೀಸಾ ಅರ್ಜಿ ಇದನ್ನು ತಲೆಕೆಳಗು ಮಾಡುತ್ತದೆ: ಇರುವ ಒಂದೇ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಬರೆದು, ಗಿವನ್ ನೇಮ್ ಜಾಗದಲ್ಲಿ ‘ಎಫ್‌ಎನ್‌ಯು’ ಎಂಬ ಮೂರು ಅಕ್ಷರ ಹಾಕಬೇಕು. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಅರವತ್ತೈದು ವರ್ಷ ಲಕ್ಷ್ಮಮ್ಮನಾಗಿಯೇ ಬಾಳಿದವರಿಗೆ ಹೀಗೊಂದು ಹಣೆಪಟ್ಟಿ! ಆದರೆ ನಿಯಮ ಅದು. ಅಳಿಯ ಸುಮ್ಮನಿರಲಾರದೆ ಅಲ್ಲಿ ಮಾವನ ಹೆಸರನ್ನೋ ಊರಿನ ಹೆಸರನ್ನೋ ಸೇರಿಸಿದರೆ ವೀಸಾದಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಎಂದಾಗುತ್ತದೆ.

ಹುಟ್ಟಿದ ದಿನಾಂಕದ್ದೂ ಇದೇ ಕಥೆ. ಶಾಲೆಗೆ ಸೇರಿಸುವಾಗ ಮೇಷ್ಟರು ಅಂದಾಜಿನ ಮೇಲೆ ಬರೆದುಕೊಂಡ ದಿನಾಂಕವೇ ಪಾಸ್‌ಪೋರ್ಟಿಗೂ ಬಂದಿರುತ್ತದೆ. ನಿಜವಾಗಿ ಹುಟ್ಟಿದ್ದು ಯುಗಾದಿಯ ಮಾರನೆಯ ದಿನವೇ ಇರಬಹುದು. ಅದನ್ನು ಎಲ್ಲಿಯೂ ಹೇಳಬೇಡಿ. ಪಾಸ್‌ಪೋರ್ಟಿನಲ್ಲಿ ಇರುವುದೇ ನಿಮ್ಮ ಹುಟ್ಟುಹಬ್ಬ.

ಡಿಎಸ್-160: ತುಂಬಿದ ಮೇಲೆ ಓದಿ ಹೇಳಿಸಿಕೊಳ್ಳಿ

ಅರ್ಜಿಯ ಹೆಸರು ಡಿಎಸ್-160. ಅಮೆರಿಕದ ವಿದೇಶಾಂಗ ಇಲಾಖೆಯ ಜಾಲತಾಣದಲ್ಲಿ ಅದನ್ನು ಉಚಿತವಾಗಿಯೇ ತುಂಬಬಹುದು. ವಿಳಾಸ ‘ಡಾಟ್ ಗವ್’ ಎಂದು ಮುಗಿಯುತ್ತದೆಯೇ ಎಂದು ನೋಡಿಕೊಳ್ಳಿ. ಅದೇ ಮುಖಚಹರೆಯ ನಕಲಿ ತಾಣಗಳು ಅರ್ಜಿ ತುಂಬುವುದಕ್ಕೇ ದುಡ್ಡು ಕೇಳುತ್ತವೆ. ಇಪ್ಪತ್ತು ನಿಮಿಷ ಏನೂ ಮಾಡದೆ ಬಿಟ್ಟರೆ ಪುಟ ಮುಚ್ಚಿಹೋಗುತ್ತದೆ. ಹಾಗಾಗಿ ಆರಂಭದಲ್ಲೇ ಕೊಡುವ ಅರ್ಜಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಗಂಡ ಹೆಂಡತಿಗೆ ಬೇರೆ ಬೇರೆ ಅರ್ಜಿ. ಫೋಟೊ ಎರಡು ಅಂಗುಲ ಚೌಕ, ಬಿಳಿ ಹಿನ್ನೆಲೆ, ಕನ್ನಡಕ ಕೂಡದು.

ಯಾರಾದರೂ ತುಂಬಲು ನೆರವಾದರೇ ಎಂಬ ಪ್ರಶ್ನೆ ಅರ್ಜಿಯಲ್ಲೇ ಇದೆ. ಅಳಿಯ ನೆರವಾದನೆಂದು ಬರೆಯುವುದರಲ್ಲಿ ತಪ್ಪೇನಿಲ್ಲ. ಆದರೆ ಕೊನೆಯ ಗುಂಡಿಯನ್ನು ಒತ್ತಬೇಕಾದವರು ಅರ್ಜಿದಾರರೇ. ಏಕೆಂದರೆ ಬರೆದದ್ದೆಲ್ಲ ಸತ್ಯ ಎಂದು ಪ್ರಮಾಣ ಮಾಡುತ್ತಿರುವವರು ನೀವು. ಆದ್ದರಿಂದ ಕಳುಹಿಸುವ ಮುನ್ನ ಒಂದು ಭಾನುವಾರ ಮಗಳನ್ನು ವಿಡಿಯೊ ಕರೆಯಲ್ಲಿ ಕೂರಿಸಿಕೊಂಡು, ಪ್ರತಿ ಪುಟವನ್ನೂ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ. ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿಟ್ಟುಕೊಳ್ಳುವುದಿದ್ದರೆ ಇದನ್ನು ಇಟ್ಟುಕೊಳ್ಳಿ.

ಓದುವಾಗ ನಾಲ್ಕು ಕಡೆ ನಿಲ್ಲಬೇಕು. ಕಳೆದ ಐದು ವರ್ಷ ಬಳಸಿದ ಸಾಮಾಜಿಕ ಜಾಲತಾಣಗಳ ಖಾತೆಗಳನ್ನು ಕೇಳುತ್ತಾರೆ. ಮೊಮ್ಮಕ್ಕಳ ಫೋಟೊ ನೋಡಲೆಂದು ಯಾರೋ ತೆರೆದುಕೊಟ್ಟ ಫೇಸ್‌ಬುಕ್ ಖಾತೆಯೂ ಅದರಲ್ಲಿ ಸೇರುತ್ತದೆ. ಹಿಂದೆ ವೀಸಾ ನಿರಾಕರಣೆ ಆಗಿದ್ದರೆ ಮುಚ್ಚಿಡುವಂತಿಲ್ಲ. ನಿಮಗಾಗಿ ಯಾರಾದರೂ ಗ್ರೀನ್ ಕಾರ್ಡಿನ ಮನವಿ ಸಲ್ಲಿಸಿದ್ದಾರೆಯೇ ಎಂದು ಕೇಳುತ್ತಾರೆ. ಅಮೆರಿಕದ ಪೌರತ್ವ ಪಡೆದ ದೊಡ್ಡ ಮಗ ಯಾವಾಗಲೋ ಸಲ್ಲಿಸಿ ಮರೆತಿರಬಹುದು, ಕೇಳಿ ನೋಡಿ. ಸುಳ್ಳು ಹೇಳಿ ವೀಸಾ ಪಡೆಯಲು ಯತ್ನಿಸಿದ್ದು ಸಾಬೀತಾದರೆ ಆ ದೇಶದ ಕಾನೂನು ಶಾಶ್ವತವಾಗಿ ಬಾಗಿಲು ಮುಚ್ಚುತ್ತದೆ.

ನಾಲ್ಕನೆಯದು, ಪ್ರಯಾಣದ ಖರ್ಚು ಯಾರದು ಎಂಬುದು. ಇಲ್ಲಿ ನಮ್ಮವರ ಸ್ವಾಭಿಮಾನ ಅಡ್ಡ ಬರುತ್ತದೆ. ಅಳಿಯ ಸಹಜವಾಗಿ ತನ್ನ ಹೆಸರನ್ನೋ ಹೆಂಡತಿಯ ಹೆಸರನ್ನೋ ಬರೆದಿರುತ್ತಾನೆ. ಕಿಟಕಿಯ ಬಳಿ ಅಧಿಕಾರಿ ಕೇಳಿದಾಗ ನಿವೃತ್ತ ಮೇಷ್ಟರಾದ ಮಾವನಿಗೆ, ಕೊಟ್ಟ ಮನೆಯ ದುಡ್ಡಿನಲ್ಲಿ ಹೋಗುತ್ತಿದ್ದೇನೆ ಎನ್ನಲು ಬಾಯಿ ಬಾರದು. “ನನ್ನ ಪಿಂಚಣಿ ಇದೆ, ನನ್ನದೇ ಖರ್ಚು” ಎಂದುಬಿಡುತ್ತಾರೆ. ಎರಡರಲ್ಲಿ ಯಾವುದು ನಿಜವಾದರೂ ಅಡ್ಡಿಯಿಲ್ಲ. ಅರ್ಜಿಯಲ್ಲಿ ಒಂದು, ಬಾಯಲ್ಲಿ ಇನ್ನೊಂದು ಆದರೆ ಅಡ್ಡಿ. ಟಿಕೆಟ್ ಮಗಳದು, ಉಳಿದದ್ದು ತಮ್ಮದು ಎಂದಾದರೆ ಅರ್ಜಿ ತುಂಬುವ ದಿನವೇ ಮಾತಾಡಿಕೊಂಡು ತೀರ್ಮಾನಿಸಿ. ಮನೆಯೊಳಗಿನ ಈ ಚರ್ಚೆ ಚೆನ್ನೈವರೆಗೆ ಹೋಗಬಾರದು.

ಶುಲ್ಕ, ದಿನಾಂಕ, ಊರು

ಶುಲ್ಕ ತಲಾ 185 ಡಾಲರ್. 2023ರ ಜೂನ್‌ನಿಂದ ಇದೇ ದರ. ಪಾವತಿಯನ್ನು ರೂಪಾಯಿಯಲ್ಲೇ ಮಾಡಬಹುದು. ಕಟ್ಟುವ ದಿನ ಅಧಿಕೃತ ತಾಣದಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ. ವೀಸಾ ಸಿಗದಿದ್ದರೂ ಹಣ ಮರಳುವುದಿಲ್ಲ.

ಆಮೇಲೆ ಎರಡು ದಿನಾಂಕ ಗೊತ್ತುಮಾಡಬೇಕು. ಬೆರಳಚ್ಚು ಮತ್ತು ಫೋಟೊಗೆ ವೀಸಾ ಅರ್ಜಿ ಕೇಂದ್ರದಲ್ಲಿ ಒಂದು, ಸಂದರ್ಶನಕ್ಕೆ ದೂತಾವಾಸ ಕಚೇರಿಯಲ್ಲಿ ಇನ್ನೊಂದು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾದಾಗ ಇನ್ನು ರೈಲು ಹತ್ತುವ ಕಷ್ಟವಿಲ್ಲ ಎಂದು ಹಲವರು ಸಂತೋಷಪಟ್ಟಿದ್ದರು. ಆದರೆ ಅದರ ಜೊತೆಗೇ ವೀಸಾ ಸೇವೆ ಶುರುವಾಗಲಿಲ್ಲ. ಕನ್ನಡಿಗರ ದಾರಿ ಬಹುಕಾಲದಿಂದ ಚೆನ್ನೈಯ ಜೆಮಿನಿ ವೃತ್ತಕ್ಕೆ ಅಥವಾ ಹೈದರಾಬಾದಿನ ನಾನಕ್‌ರಾಮ್‌ಗುಡಕ್ಕೆ. ಉತ್ತರ ಕರ್ನಾಟಕದ ಕೆಲವರಿಗೆ ಮುಂಬೈ ಹತ್ತಿರ. ಬೆರಳಚ್ಚು ಒಂದು ದಿನ, ಮಾರನೆಯ ದಿನ ಸಂದರ್ಶನ ಎಂದು ಒಂದೇ ಊರಿನಲ್ಲಿ ಹಿಡಿದರೆ ವಯಸ್ಸಾದವರಿಗೆ ಒಂದೇ ಪ್ರಯಾಣ.

ದಿನಾಂಕ ಸಿಗುವುದೇ ಕಷ್ಟ. ಕಾಯುವ ಅವಧಿ ತಿಂಗಳಿಂದ ತಿಂಗಳಿಗೆ, ಊರಿಂದ ಊರಿಗೆ ಬದಲಾಗುತ್ತದೆ. ತುರ್ತು ದಿನಾಂಕ ಕೇಳಬಹುದಲ್ಲ ಎಂದರೆ, ಮದುವೆ, ಪದವಿ ಪ್ರದಾನ, ಗರ್ಭಿಣಿ ಬಂಧುಗಳಿಗೆ ನೆರವಾಗುವುದು ಇವು ತುರ್ತು ಕಾರಣಗಳಲ್ಲ ಎಂದು ನಿಯಮ ಹೆಸರಿಸಿಯೇ ಹೇಳುತ್ತದೆ. ಹಾಗಾಗಿ ಸೀಮಂತದವರೆಗೆ ಕಾಯಬೇಡಿ. ಸುದ್ದಿ ತಿಳಿದ ತಿಂಗಳೇ ಅರ್ಜಿ ಹಾಕಿ. 2025ರ ಆರಂಭದಿಂದ ದಿನಾಂಕವನ್ನು ಒಮ್ಮೆ ಮಾತ್ರ ಉಚಿತವಾಗಿ ಬದಲಿಸಬಹುದು. ಮತ್ತೆ ಬದಲಿಸಬೇಕೆಂದರೆ ಶುಲ್ಕವನ್ನು ಹೊಸದಾಗಿ ಕಟ್ಟಬೇಕು. ಎಂಬತ್ತು ದಾಟಿದವರಿಗೆ ಸಂದರ್ಶನ ಇಲ್ಲ ಎಂಬ ಹಳೆಯ ಮಾತನ್ನು ನಂಬಿ ಕೂರಬೇಡಿ. 2025ರ ಸೆಪ್ಟೆಂಬರ್ 2ರಿಂದ ಅವರೂ ಸಾಮಾನ್ಯವಾಗಿ ಹೋಗಲೇಬೇಕು.

ಡಿಎಸ್-160ರ ದೃಢೀಕರಣ ಪುಟದಲ್ಲಿರುವ ಬಾರ್‌ಕೋಡ್ ಸಂಖ್ಯೆ, ದಿನಾಂಕ ಹಿಡಿಯುವಾಗ ಕೊಟ್ಟ ಸಂಖ್ಯೆ ಎರಡೂ ಒಂದೇ ಇರಬೇಕು. ತಪ್ಪು ತಿದ್ದಲು ಹೊಸ ಅರ್ಜಿ ತುಂಬಿದವರು ಹಳೆಯ ಪುಟವನ್ನೇ ಹಿಡಿದು ಹೋಗಿ ಬಾಗಿಲಿನಿಂದ ಮರಳಬೇಕಾಗುತ್ತದೆ.

ಗಾಜಿನ ಕಿಟಕಿ

ಮೊಬೈಲನ್ನು ಒಳಗೆ ಬಿಡುವುದಿಲ್ಲ. ಹೊರಗೆ ಕಾಯುವವರ ಕೈಗೆ ಕೊಡಿ. ಅವರ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ. ಸಾಲು ಉದ್ದ, ಮಾತು ಗಿಡ್ಡ. ನಿಂತುಕೊಂಡೇ ಎರಡು ಮೂರು ನಿಮಿಷ. ಇಂಗ್ಲಿಷಿನಲ್ಲೇ ಮಾತಾಡಬೇಕೆಂಬ ನಿಯಮವಿಲ್ಲ. ಬಾರದ ಇಂಗ್ಲಿಷಿನಲ್ಲಿ ಒದ್ದಾಡುವ ಬದಲು ಭಾಷೆ ಬಾರದು ಎಂದು ಮೊದಲೇ ಹೇಳುವುದು ಮೇಲು.

ಹಿರಿಯರು ಬಗಲಿನಲ್ಲಿ ದಪ್ಪ ಫೈಲು ಒಯ್ಯುತ್ತಾರೆ: ಪಹಣಿ, ಮನೆಯ ಖಾತೆ, ಠೇವಣಿ ಪತ್ರ, ಮದುವೆಯ ಆಲ್ಬಂ ಕೂಡ. ಇರಲಿ, ಧೈರ್ಯಕ್ಕೆ. ಬಹಳ ಸಲ ಅಧಿಕಾರಿ ಅದನ್ನು ಮುಟ್ಟುವುದೇ ಇಲ್ಲ. ಮಗಳ ಆಹ್ವಾನ ಪತ್ರವೂ ಕಡ್ಡಾಯವಲ್ಲ. ಅವರ ಮುಂದೆ ಪರದೆಯಲ್ಲಿ ಇರುವುದು ಆ ಡಿಎಸ್-160, ಎದುರಿಗೆ ಇರುವುದು ನೀವು. ಎರಡನ್ನೂ ತಾಳೆ ಹಾಕುತ್ತಾರೆ.

ಕೇಳುವುದು ಇಷ್ಟೇ: ಏಕೆ ಹೋಗುತ್ತಿದ್ದೀರಿ, ಎಷ್ಟು ದಿನ, ಮಗಳು ಎಲ್ಲಿದ್ದಾಳೆ, ಏನು ಕೆಲಸ, ಇಲ್ಲಿ ಯಾರಿದ್ದಾರೆ. “ಸಾಫ್ಟ್‌ವೇರ್” ಎಂಬ ಉತ್ತರ ಸಾಲದು. ಕಂಪನಿಯ ಹೆಸರು, ಊರು, ರಾಜ್ಯ, ಅವಳು ಯಾವ ವೀಸಾದಲ್ಲಿದ್ದಾಳೆ ಎಂಬುದು ಗೊತ್ತಿರಲಿ. ಹೆರಿಗೆ ಎಂಬುದನ್ನು ಮುಚ್ಚಿಟ್ಟು ನಯಾಗರ ನೋಡಲು ಎಂದು ಹೇಳಿ ಎಂದು ಸಲಹೆ ಕೊಡುವ ಏಜೆಂಟರಿದ್ದಾರೆ. ಬೇಡ. ಮಗಳ ಹೆರಿಗೆ, ಜೊತೆಗಿರಲು ಹೋಗುತ್ತಿದ್ದೇವೆ, ನಾಲ್ಕು ತಿಂಗಳಿಗೆ ಮರಳುತ್ತೇವೆ: ಇದು ನೇರ, ಇದು ನಿಜ. ಬಿ-2ನಲ್ಲಿ ದುಡಿಮೆಗೆ ಅವಕಾಶವಿಲ್ಲ ಎಂಬುದು ಮಾತ್ರ ತಿಳಿದಿರಲಿ.

ವಲಸೆ ಕಾನೂನಿನ 214(ಬಿ) ಕಲಮು ಪ್ರತಿಯೊಬ್ಬರನ್ನೂ ಅಲ್ಲೇ ನೆಲೆಸಲು ಬಂದವರೆಂದೇ ಮೊದಲು ಎಣಿಸುತ್ತದೆ. ಅಲ್ಲವೆಂದು ತೋರಿಸುವ ಹೊಣೆ ನಿಮ್ಮದು. ಇಲ್ಲಿನ ತೋಟ, ಪಿಂಚಣಿ, ಜೊತೆಯಲ್ಲಿರುವ ಮಗ ಸೊಸೆ, ಇವುಗಳ ಮಾತು ಬರಬೇಕಾದದ್ದು ಆಗ. ನಿರಾಕರಿಸಿದರೆ ಮೇಲ್ಮನವಿ ಇಲ್ಲ. ಮತ್ತೆ ಶುಲ್ಕ ಕಟ್ಟಿ ಹೊಸ ಅರ್ಜಿ ಹಾಕಬಹುದು. ಪಾಸ್‌ಪೋರ್ಟ್ ಇಟ್ಟುಕೊಂಡರೆ ಶುಭಸೂಚನೆ. ವಿಮಾನದ ಟಿಕೆಟ್ ಕೊಳ್ಳುವುದು ಪಾಸ್‌ಪೋರ್ಟ್ ವೀಸಾ ಸಮೇತ ಕೈಗೆ ಮರಳಿದ ಮೇಲೆ.

ಸೂಟ್‌ಕೇಸಿನಲ್ಲಿ ಏನು, ಏನು ಬೇಡ

ತಾಜಾ ಕರಿಬೇವು ಕೂಡದು, ಹಣ್ಣು, ಹಸಿ ತರಕಾರಿ, ಬಿತ್ತನೆ ಬೀಜ, ಮಾಂಸ ಕೂಡದು. ಬಾಣಂತಿಗೆಂದು ಮನೆಯ ಸಣ್ಣಕ್ಕಿ ಒಯ್ಯುವ ಆಸೆಯನ್ನೂ ಬಿಡಿ. ಖಾಪ್ರಾ ಎಂಬ ಕಾಳುಹುಳದ ಭಯದಿಂದ ಭಾರತದ ಅಕ್ಕಿಯನ್ನು ಪ್ರಯಾಣಿಕರ ಚೀಲದಲ್ಲಿ ಬಿಡುವುದಿಲ್ಲ. ಉಳಿದ ತಿಂಡಿ ಪುಡಿ ಏನಿದ್ದರೂ ಕೇಳಿದಾಗ ಇದೆ ಎಂದು ಹೇಳಿ. ಹೇಳಿದರೆ ಹೆಚ್ಚೆಂದರೆ ಎತ್ತಿಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ. ನನ್ನ ಅತ್ತಿಗೆ ಕರಿಬೇವನ್ನು ಸೀರೆಯ ಮಡಿಕೆಯಲ್ಲಿಟ್ಟು ಒಯ್ದರು. ವಾಸನೆ ಹಿಡಿದ ನಾಯಿ ಪುಟ್ಟದು, ಮುದ್ದಾಗಿತ್ತಂತೆ. ಅತ್ತಿಗೆ ಅದರ ತಲೆ ಸವರುತ್ತಿದ್ದಾಗಲೇ ಅಧಿಕಾರಿ ಬಂದರಂತೆ.

ದುಬೈ ದಾರಿಯಾಗಿ ಹೋಗುವವರು ಗಸಗಸೆಯನ್ನು ಮನೆಯಲ್ಲೇ ಬಿಡಿ. ನಮಗೆ ಅದು ಪಾಯಸ, ಅಲ್ಲಿ ಮಾದಕ ವಸ್ತು. ಮಾತ್ರೆಗಳು ವೈದ್ಯರ ಚೀಟಿಯ ಸಮೇತ, ಅಂಗಡಿಯಲ್ಲಿ ಕೊಟ್ಟ ಸ್ಟ್ರಿಪ್ಪಿನಲ್ಲೇ ಇರಲಿ. ವೈದ್ಯಕೀಯ ವಿಮೆ ಕಡ್ಡಾಯವಲ್ಲ, ಆದರೆ ಅಲ್ಲಿನ ಆಸ್ಪತ್ರೆಯ ಬಿಲ್ ಕಂಡವರು ಯಾರೂ ವಿಮೆಯಿಲ್ಲದೆ ಹೋಗುವುದಿಲ್ಲ.

ಇಳಿದ ಮೇಲೆ

ವೀಸಾ ಎಂದರೆ ಬಾಗಿಲು ತಟ್ಟಲು ಅನುಮತಿ. ತೆರೆಯುವವರು ವಿಮಾನ ನಿಲ್ದಾಣದ ಅಧಿಕಾರಿ. ಮೊದಲು ಇಳಿಯುವ ಅಮೆರಿಕದ ನಿಲ್ದಾಣದಲ್ಲೇ ತಪಾಸಣೆ ನಡೆಯುತ್ತದೆ. ಮುಂದೆ ಇನ್ನೊಂದು ವಿಮಾನ ಇದ್ದರೆ ಸೂಟ್‌ಕೇಸುಗಳನ್ನು ಅಲ್ಲಿ ಎತ್ತಿಕೊಂಡು ಮತ್ತೆ ಒಪ್ಪಿಸಬೇಕು. ಅಬುಧಾಬಿಯ ಮೂಲಕ ಹೋದರೆ ಅಮೆರಿಕದ ಈ ತಪಾಸಣೆ ಅಲ್ಲಿಯೇ ಮುಗಿಯುತ್ತದೆ. ನಡೆಯಲು ಬಲ್ಲವರೂ ಗಾಲಿಕುರ್ಚಿ ಕೇಳುವುದುಂಟು. ತಳ್ಳುವವರು ದಾರಿ ತೋರಿಸುತ್ತಾರೆ ಎಂಬುದೇ ಕಾರಣ, ಅದನ್ನು ನಾನು ಟೀಕಿಸಲಾರೆ.

ಪ್ರಶ್ನೆಗಳು ಮತ್ತೆ ಅವೇ, ಉತ್ತರಗಳೂ ಅವೇ ಇರಬೇಕು. ಮಗಳ ವಿಳಾಸ ಮತ್ತು ದೂರವಾಣಿ ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊಂಡಿರಿ. ಮೊಬೈಲ್ ಅಲ್ಲಿ ಕೆಲಸ ಮಾಡದೇ ಇರಬಹುದು.

ಹತ್ತು ವರ್ಷದ ವೀಸಾ ಎಂದರೆ ಹತ್ತು ವರ್ಷ ಇರಬಹುದು ಎಂದಲ್ಲ. ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ನಿಖರವಾದ ಕೊನೆಯ ದಿನ ಐ-94 ಎಂಬ ದಾಖಲೆಯಲ್ಲಿ ಇರುತ್ತದೆ. ವಿಮಾನದಲ್ಲಿ ಬಂದವರಿಗೆ ಅದು ಕಾಗದವಲ್ಲ, ಜಾಲತಾಣದಲ್ಲಿ ನೋಡಬೇಕು. ಮಗಳ ಮನೆ ತಲುಪಿದ ಮಾರನೆಯ ದಿನವೇ ಅದನ್ನು ಮುದ್ರಿಸಿಕೊಂಡು ಹೆಸರು, ದಿನಾಂಕ ನೋಡಿ. ಅದನ್ನು ಮೀರಿ ಉಳಿದರೆ ವೀಸಾ ರದ್ದಾಗುತ್ತದೆ. 180 ದಿನಕ್ಕಿಂತ ಹೆಚ್ಚು ಅಕ್ರಮವಾಗಿ ಉಳಿದು ಹೊರಟರೆ ಮೂರು ವರ್ಷ, ಒಂದು ವರ್ಷ ದಾಟಿದರೆ ಹತ್ತು ವರ್ಷ ಮರಳಿ ಬರುವಂತಿಲ್ಲ. ಇನ್ನೂ ಇರಬೇಕಾದ ಸಂದರ್ಭ ಬಂದರೆ ಆ ದಿನಾಂಕಕ್ಕೆ ಮೊದಲೇ ಐ-539 ಅರ್ಜಿ ಹಾಕಬೇಕು.

ಮುದ್ರಿಸಿದ ಆ ಹಾಳೆಯನ್ನು ಮಗಳ ಮನೆಯ ಫ್ರಿಜ್ ಮೇಲೆ, ಮಗುವಿನ ಲಸಿಕೆಯ ಪಟ್ಟಿಯ ಪಕ್ಕದಲ್ಲೇ ಅಂಟಿಸಿಬಿಡಿ.